ರಾಣಿ ಯಾರು, ದೇವಿ ಯಾರು?

ರೋಮನ್ ಬೆಳ್ಳಿ ನಾಣ್ಯ ತಂದು ತೋರಿಸುವವರು ಸಾಮಾನ್ಯವಾಗಿ ಮುಖ ನೋಡಿ ಹೆಸರು ಹೇಳಿಬಿಡುತ್ತಾರೆ. ಸವೆದ ನಾಣ್ಯದಲ್ಲಿ ಎಲ್ಲ ರಾಣಿಯರೂ ಹೆಚ್ಚುಕಡಿಮೆ ಒಂದೇ ತರ ಕಾಣುತ್ತಾರೆ. ಹಾಗಾಗಿ ನಾನು ಮೊದಲು ಅಂಚಿನ ಅಕ್ಷರ ಓದುತ್ತೇನೆ.

ಯೂಲಿಯಾ ಡೊಮ್ನಾಳ ಡೆನಾರಿಯಸ್, ಅಂದರೆ ರೋಮನ್ನರ ಬೆಳ್ಳಿ ನಾಣ್ಯ, ತಗೊಳ್ಳಿ. ಸಿರಿಯಾದ ಎಮೆಸಾದ ಹೆಣ್ಣುಮಗಳು, ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ಹೆಂಡತಿ. ನಾಣ್ಯ ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ತೂಕ ಸುಮಾರು 3 ಗ್ರಾಂ. ಅವಳ ಗಂಡನ ಕಾಲಕ್ಕೆ ಅದರಲ್ಲಿ ಬೆಳ್ಳಿ ಅರ್ಧದಷ್ಟಕ್ಕೆ ಇಳಿದಿತ್ತು. ಇಸವಿ ಹಾಕಿರುವುದಿಲ್ಲ, ಬಿರುದು ನೋಡಿಯೇ ಕಾಲ ಹಿಡಿಯಬೇಕು. 'ಯೂಲಿಯಾ ಡೊಮ್ನಾ' ಎಂದು ಪೂರ್ತಿ ಹೆಸರಿದ್ದರೆ ಕ್ರಿ.ಶ. 193ರಿಂದ 196. ಬರೀ 'ಯೂಲಿಯಾ ಆಗುಸ್ತಾ' ಅಂತಿದ್ದರೆ 196ರಿಂದ 211. 'ಪಿಯಾ ಫೆಲಿಕ್ಸ್' ಸೇರಿಕೊಂಡಿದ್ದರೆ ಗಂಡ ತೀರಿಕೊಂಡು ಮಗ ಕ್ಯಾರಕಲ್ಲ ಪಟ್ಟದಲ್ಲಿದ್ದ ಸಮಯ.

ಈಗ ನಾಣ್ಯ ತಿರುಗಿಸಿ. ಹಿಂದೆ ನಿಂತಿರುವುದು ದೇವಿ. ಅವಳ ಮುಖ ಬಿಡಿ, ಕೈಯಲ್ಲಿ ಏನಿದೆ, ಕಾಲ ಬಳಿ ಏನಿದೆ ನೋಡಿ. ಕಾಲ ಬಳಿ ನವಿಲಿದ್ದರೆ ದೇವತೆಗಳ ರಾಣಿ ಜೂನೋ. (ನಮ್ಮವರಿಗೆ ತಕ್ಷಣ ಕ್ಯಾಲೆಂಡರ್ ಸರಸ್ವತಿ ನೆನಪಾಗುತ್ತಾಳೆ, ಅಲ್ವಾ?) ಸೇಬು ಹಿಡಿದಿದ್ದರೆ ಪ್ರೇಮದೇವತೆ ವೀನಸ್. ಡೊಮ್ನಾಳ ಒಂದು ಬಗೆಯ ನಾಣ್ಯದಲ್ಲಿ ವೀನಸ್ ನಮಗೆ ಬೆನ್ನು ಮಾಡಿ, ಕಂಬಕ್ಕೆ ಮೊಣಕೈ ಊರಿ ಆರಾಮಾಗಿ ನಿಂತಿದ್ದಾಳೆ. ನನಗೆ ಬಹಳ ಇಷ್ಟದ ಚಿತ್ರ ಅದು. ತೆನೆ ಹಿಡಿದವಳು ಸಾಮಾನ್ಯವಾಗಿ ಬೆಳೆಯ ದೇವತೆ ಸೀರಿಸ್.

ಕೆಲವೊಮ್ಮೆ ರಾಣಿಯೇ ದೇವಿಯಾಗುತ್ತಾಳೆ. ಹಿರಿಯ ಫೌಸ್ತಿನಾ ಸತ್ತಮೇಲೆ ಗಂಡ, ಚಕ್ರವರ್ತಿ ಆಂಟೊನೈನಸ್ ಪಯಸ್, ಅವಳಿಗೆ ದೇವತೆಯ ಪಟ್ಟ ಕೊಡಿಸಿದ. ಗುಡಿ ಕಟ್ಟಿಸಿದ, ಅದು ರೋಮ್‌ನಲ್ಲಿ ಇವತ್ತಿಗೂ ನಿಂತಿದೆ. 'ದಿವಾ ಫೌಸ್ತಿನಾ' ಎಂದು ಬರೆದ ನಾಣ್ಯಗಳು ರಾಶಿ ರಾಶಿ ಬಂದವು. ಅದಕ್ಕೇ ಅವು ಇವತ್ತಿಗೂ ಸಂಗ್ರಹಕಾರರಿಗೆ ಸುಲಭವಾಗಿ ಸಿಗುತ್ತವೆ. 'ದಿವಾ' ಕಂಡರೆ ಅದು ಸತ್ತ ನಂತರದ್ದು ಅಂತ ಗುರುತಿಟ್ಟುಕೊಳ್ಳಿ.

ನಮ್ಮ ಕಡೆ ಸಿಕ್ಕಿರುವುದು ಇದಕ್ಕಿಂತ ಹಳೆಯವು. ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದ ಡೆನಾರಿಯಸ್‌ಗಳು ದೊರೆತಿವೆ. ಟೈಬೀರಿಯಸ್‌ನ ತೀರಾ ಸಾಮಾನ್ಯವಾದ ನಾಣ್ಯದ ಹಿಂಬದಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಾಳೆ. ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಎಲೆಯ ರೆಂಬೆ. ಅವನ ತಾಯಿ ಲಿವಿಯಾ ಎಂದು ಹಲವರು ಹೇಳುತ್ತಾರೆ, ಶಾಂತಿದೇವತೆ ಎನ್ನುವವರೂ ಇದ್ದಾರೆ. ಪಕ್ಕದ ಬರಹದಲ್ಲಿರುವುದು ಚಕ್ರವರ್ತಿಯ ಮಹಾಪುರೋಹಿತ ಬಿರುದು ಮಾತ್ರ, ಅವಳ ಹೆಸರಿಲ್ಲ. ನಾನು ಚೀಟಿಯಲ್ಲಿ 'ಕುಳಿತ ಹೆಂಗಸು, ಲಿವಿಯಾ ಇರಬಹುದು' ಎಂದಷ್ಟೇ ಬರೆಯುತ್ತೇನೆ. 'ಲಿವಿಯಾಳೇ' ಅಂತ ಹೇಳಿ ಯಾರಾದರೂ ಜಾಸ್ತಿ ಬೆಲೆ ಕೇಳಿದರೆ ಸುಮ್ನೆ ಕೊಡಬೇಡಿ.