ಪ್ಲಗ್ ಕೂತರೆ ಸಾಲದು: ಸ್ಟ್ರೋಬ್ ದೀಪದ ಒಳಲೆಕ್ಕ

ಬೆಂಗಳೂರಿನ ಜಕ್ಕೂರಿನಲ್ಲಿ ಇಳಿಯುವ ಪುಟ್ಟ ವಿಮಾನಗಳ ರೆಕ್ಕೆ ತುದಿಯಲ್ಲಿ ಫಳ್ಳನೆ ಮಿಂಚುವ ಬಿಳಿ ದೀಪವೇ ಸ್ಟ್ರೋಬ್. ಸ್ವಂತವಾಗಿ ವಿಮಾನ ಕಟ್ಟುವವರು ಒಂದು ಕಂಪನಿಯ ಪವರ್ ಸಪ್ಲೈಗೆ ಇನ್ನೊಂದು ಕಂಪನಿಯ ಕ್ಸೆನಾನ್ ದೀಪ ಸಿಕ್ಕಿಸುವುದುಂಟು. ಎರಡಕ್ಕೂ ಮೂರು ಪಿನ್ನಿನ ಪ್ಲಗ್ ಇದ್ದು, ಸಲೀಸಾಗಿ ಕೂತರೆ ಹೊಂದಿತು ಅಂತಲೇ ಲೆಕ್ಕ. ಇದು ಅಪಾಯದ ನಂಬಿಕೆ.

ಸಪ್ಲೈ ವಿಮಾನದ 14 ವೋಲ್ಟನ್ನು ಕೆಲವು ನೂರು ವೋಲ್ಟಿಗೆ ಏರಿಸಿ, ವಿದ್ಯುತ್ತನ್ನು ಕೂಡಿಡುವ ಕೆಪ್ಯಾಸಿಟರಿಗೆ ತುಂಬುತ್ತದೆ. ಸಾವಕಾಶ ತುಂಬಿದ ಕೆರೆ, ತೂಬು ಎತ್ತಿದೊಡನೆ ನುಗ್ಗಿದ ಹಾಗೆ ಅದು ಖಾಲಿಯಾಗಬೇಕು. ತೂಬು ಎತ್ತುವುದು ಟ್ರಿಗರ್. ದೀಪದ ಗಾಜಿನ ಕೊಳವೆಯ ಹೊರಮೈಗೆ ಸುತ್ತಿದ ತೆಳು ತಂತಿಗೆ ಹಲವು ಸಾವಿರ ವೋಲ್ಟಿನ ಪಲ್ಸ್ (ಕ್ಷಣಮಾತ್ರದ ಹೊಡೆತ) ಬಿದ್ದಾಗ ಮಾತ್ರ ಕ್ಸೆನಾನ್ ಅನಿಲ ವಿದ್ಯುತ್ತಿಗೆ ದಾರಿ ಬಿಡುತ್ತದೆ. (ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಇಂಥ ಮಿಂಚಿನಿಂದಲೇ ತಿರುಗುವ ಮೋಟಾರನ್ನು ನಿಂತಂತೆ ಕಾಣಿಸಿದರು, ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ರಾತ್ರಿ ನೆಲದ ಚಿತ್ರ ತೆಗೆಯಲೂ ಅದು ಒದಗಿತು.)

ಟ್ರಿಗರ್ ಪಲ್ಸ್ ಹುಟ್ಟಿಸುವ ಟ್ರಾನ್ಸ್‌ಫಾರ್ಮರ್ ಕೆಲವು ಕಂಪನಿಗಳದ್ದರಲ್ಲಿ ದೀಪದೊಳಗೆ, ಕೆಲವದ್ದರಲ್ಲಿ ಸಪ್ಲೈಯೊಳಗೆ. ಎರಡೂ ಕಡೆ ಇಲ್ಲದಿದ್ದರೆ ದೀಪ ಮಿಂಚದು. ಎರಡೂ ಕಡೆ ಇದ್ದರೆ ಇನ್ಸುಲೇಶನ್ ಸುಡಬಹುದು.

ಇನ್ನು ಒಂದು ಮಿಂಚಿನ ಶಕ್ತಿ. ಕೆಪ್ಯಾಸಿಟೆನ್ಸನ್ನು (ಕೆಪ್ಯಾಸಿಟರ್ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿ. 200 ಮೈಕ್ರೋಫ್ಯಾರಡ್, 300 ವೋಲ್ಟಿಗೆ 9 ಜೂಲ್. 450 ವೋಲ್ಟಿಗೆ 20 ಜೂಲ್ ದಾಟುತ್ತದೆ. 9 ಜೂಲಿನ ಕೊಳವೆಗೆ 20 ಜೂಲ್ ಹಾಯಿಸಿದರೆ ಎಲೆಕ್ಟ್ರೋಡ್ ಸವೆದು ತುದಿಗಳು ಕಪ್ಪಾಗುತ್ತವೆ, ಗಾಜು ಬಿರಿಯಲೂಬಹುದು. ವೋಲ್ಟೇಜ್ ಕಡಿಮೆಯಾದರೆ ಮಿಂಚು ನಡುನಡುವೆ ತಪ್ಪುತ್ತದೆ.

ಪ್ಲಸ್-ಮೈನಸ್ ಅದಲುಬದಲಾದರೆ ಕೊಳವೆ ಹಾಳು. ಹಾನಿ ಅಂದೇ ಕಾಣಿಸದೆಯೂ ಇರಬಹುದು. ಆದ್ದರಿಂದ ತಂತಿಯ ಬಣ್ಣ ನಂಬಬೇಡಿ. ಎರಡೂ ಕಂಪನಿಗಳ ವೈರಿಂಗ್ ಚಿತ್ರ ಪಕ್ಕಪಕ್ಕ ಇಟ್ಟು ಒಂದೊಂದೇ ಪಿನ್ ಸರಿನೋಡಿ. ಎಲ್‌ಇಡಿ ದೀಪವನ್ನಂತೂ ಕ್ಸೆನಾನ್ ಸಪ್ಲೈಗೆ ತಗುಲಿಸಲೇಬಾರದು.

ಕೈ ಹಾಕುವ ಮುನ್ನ ಬ್ಯಾಟರಿ ಬಿಡಿಸಿ, ಕನಿಷ್ಠ 5 ನಿಮಿಷ ಬಿಟ್ಟು, 1000 ವೋಲ್ಟ್ ಡಿಸಿ ತಾಳುವ ಮಲ್ಟಿಮೀಟರಿನಲ್ಲಿ ಅಳೆಯಿರಿ. ಚಾರ್ಜ್ ಉಳಿದಿದ್ದರೆ ಎಸ್.ಪಿ. ರೋಡಿನಲ್ಲಿ ಸಿಗುವ 10 ಕಿಲೋ ಓಮ್, 10 ವಾಟಿನ ವೈರ್‌ವೌಂಡ್ ರೆಸಿಸ್ಟರ್ ಮೂಲಕ ಇಳಿಸಿ, ಮತ್ತೆ ಅಳೆಯಿರಿ. ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದ ಸಪ್ಲೈಯಾದರೆ ಮೊದಲ 10-15 ನಿಮಿಷ ಕಾಲುಭಾಗ ಕಡಿಮೆ ವೋಲ್ಟೇಜಿನಲ್ಲಿ ಓಡಿಸಿ. ಬಳಸದೆ ಸೊರಗಿದ್ದ ಕೆಪ್ಯಾಸಿಟರಿನ ಒಳಗಿನ ಇನ್ಸುಲೇಶನ್ನಾದ ಆಕ್ಸೈಡ್ ಪದರ ಆಗ ಮತ್ತೆ ಕಟ್ಟಿಕೊಳ್ಳುತ್ತದೆ. ಕೇಬಲಿನ ಶೀಲ್ಡನ್ನು (ತಂತಿಗಳನ್ನು ಸುತ್ತಿದ ಲೋಹದ ಹೊದಿಕೆ) ಸಪ್ಲೈ ತುದಿಯಲ್ಲಷ್ಟೇ ಗ್ರೌಂಡ್ ಮಾಡಿ, ಇಲ್ಲವಾದರೆ ಪ್ರತಿ ಮಿಂಚಿಗೂ ಹೆಡ್‌ಸೆಟ್ಟಿನಲ್ಲಿ ಟಕ್ ಅನ್ನುವ ಸದ್ದು ಬರಬಹುದು.