ದವಡೆ ಮರುನಿರ್ಮಾಣದ ನಂತರದ ಮೊದಲೆರಡು ರಾತ್ರಿ

ತಂಬಾಕು, ಗುಟ್ಖಾಗಳಿಂದ ಬಂದ ಬಾಯಿ ಕ್ಯಾನ್ಸರಿಗಾಗಿ ಕೆಳದವಡೆಯ ಭಾಗವನ್ನು ತೆಗೆಯಬೇಕಾದಾಗ, ಕಾಲಿನ ಫಿಬುಲಾ ಮೂಳೆಯನ್ನು ರಕ್ತನಾಳ ಹಾಗೂ ಚರ್ಮದ ಸಮೇತ ತಂದು ಹೊಸ ದವಡೆ ಕಟ್ಟುವ ವಿಧಾನ 1989ರಿಂದ ಬಳಕೆಯಲ್ಲಿದೆ. ಕೆಲವೇ ಮಿಲಿಮೀಟರ್ ಅಗಲದ ಆ ನಾಳಗಳನ್ನು ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಿಂದ ಕತ್ತಿನ ನಾಳಗಳಿಗೆ ಹೊಲಿಯುತ್ತೇವೆ. ಆ ಹೊಲಿಗೆಯಷ್ಟೇ ಮುಖ್ಯವಾದದ್ದು ರಾತ್ರಿ ಪಾಳಿಯ ನರ್ಸ್ ಗಂಟೆಗೊಮ್ಮೆ ಮಾಡುವ ತಪಾಸಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಸ್ತ್ರಚಿಕಿತ್ಸೆಗೆ ಮೊದಲು ಕಾಲಿನ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಂ ನೋಡುತ್ತೇವೆ. ಕೆಲವರಲ್ಲಿ ಪಾದಕ್ಕೆ ರಕ್ತ ಹರಿಯುವುದೇ ಫಿಬುಲಾದ ಜೊತೆಗಿರುವ ಅಪಧಮನಿಯಿಂದ, ಅಂಥವರಲ್ಲಿ ಆ ಮೂಳೆಯನ್ನು ಮುಟ್ಟುವಂತಿಲ್ಲ. ಬಾಯಿ ತೆರೆಯಲಾಗದೆ ಸೊರಗಿ ಬಂದವರಿಗೆ ಮೂಗಿನ ನಳಿಕೆಯ ಮೂಲಕ ಆಹಾರ ಕೊಡಲು ಕೂಡಲೇ ಆರಂಭಿಸಬೇಕು, ತಂಬಾಕನ್ನು ಅಂದೇ ಬಿಡಿಸಬೇಕು. ಮತ್ತೆ ಥಿಯೇಟರಿಗೆ ಒಯ್ಯಬೇಕಾಗಬಹುದೆಂದು ಮನೆಯವರಿಗೆ ಮುಂಚೆಯೇ ಹೇಳಿರಬೇಕು. ನಡುರಾತ್ರಿ ಒಪ್ಪಿಗೆ ಕೇಳುವಾಗ ಅವರು ಗಾಬರಿಯಾಗುವುದು ಇದರಿಂದ ಎಷ್ಟೋ ತಪ್ಪುತ್ತದೆ.

ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಮೈ ಬೆಚ್ಚಗಿರಬೇಕು, ರಕ್ತದೊತ್ತಡ ಕುಸಿಯಬಾರದು, ಹಾಗೆಂದು ದ್ರವವನ್ನು ಮಿತಿಮೀರಿ ಕೊಟ್ಟರೆ ಫ್ಲ್ಯಾಪ್, ಅಂದರೆ ಕಾಲಿನಿಂದ ತಂದು ಜೋಡಿಸಿದ ಮೂಳೆ-ಚರ್ಮದ ಭಾಗ, ಊದಿಕೊಳ್ಳುತ್ತದೆ.

ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಮೊದಲ 48ರಿಂದ 72 ಗಂಟೆಗಳೊಳಗೆ. ಅಪಧಮನಿ ಮುಚ್ಚಿದರೆ ಫ್ಲ್ಯಾಪ್ ಬಿಳಿಚಿ ತಣ್ಣಗಾಗುತ್ತದೆ, ಒತ್ತಿ ಬಿಟ್ಟರೆ ಬಣ್ಣ ಮರಳುವುದಿಲ್ಲ. ಫ್ಲ್ಯಾಪಿನಿಂದ ರಕ್ತವನ್ನು ಹೊರಗೊಯ್ಯುವ ಅಭಿಧಮನಿ ಮುಚ್ಚುವುದೇ ಹೆಚ್ಚು. ಆಗ ಫ್ಲ್ಯಾಪ್ ಬಿಗಿಯಾಗಿ ಊದಿ ನೀಲಿಗಟ್ಟುತ್ತದೆ, ಒತ್ತಿದ ಜಾಗಕ್ಕೆ ಬಣ್ಣ ತೀರಾ ಬೇಗ ಮರಳುತ್ತದೆ, ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಉಪಕರಣದಲ್ಲಿ ಅಪಧಮನಿಯ ಸದ್ದು ಇನ್ನೂ ಕೇಳಿಸುತ್ತಿರುವುದರಿಂದ ಎಲ್ಲವೂ ಸರಿಯಿದೆ ಎಂಬ ಭ್ರಮೆಯೂ ಆಗುತ್ತದೆ. ನಮ್ಮ ಕಪ್ಪು, ಕಂದು ಮೈಬಣ್ಣದ ರೋಗಿಗಳಲ್ಲಿ ಈ ಬದಲಾವಣೆ ಬೇಗ ಕಣ್ಣಿಗೆ ಬೀಳದು. ಆದ್ದರಿಂದ ಬಾಯೊಳಗಿನ ಫ್ಲ್ಯಾಪನ್ನು ಕೆನ್ನೆಯ ಬಣ್ಣಕ್ಕಲ್ಲ, ಅದು ಬಂದ ಕಾಲಿನ ಚರ್ಮದ ಬಣ್ಣಕ್ಕೆ ಹೋಲಿಸಬೇಕು. ಅನುಮಾನವಿದ್ದರೆ ವೈದ್ಯರು ಸೂಜಿಯಿಂದ ಚುಚ್ಚಿ ನೋಡಬೇಕು: ತಡೆದು ಬರುವ ಕೆಂಪು ರಕ್ತ ಒಳ್ಳೆಯ ಲಕ್ಷಣ, ಥಟ್ಟನೆ ಉಕ್ಕುವ ಕಪ್ಪು ರಕ್ತ ಅಪಾಯದ್ದು.

ಬೇಗ ಪತ್ತೆಯಾದರೆ ಹೆಪ್ಪನ್ನು ತೆಗೆದು ನಾಳವನ್ನು ಮರುಜೋಡಿಸಿ ಫ್ಲ್ಯಾಪ್ ಉಳಿಸಿಕೊಳ್ಳಲು ಸಾಧ್ಯ. ಬೆಳಗಿನ ರೌಂಡ್ಸ್‌ವರೆಗೆ ಕಾದರೆ ಆ ಅವಕಾಶ ಕೈತಪ್ಪುತ್ತದೆ. ಆದ್ದರಿಂದ ನರ್ಸ್ ಯಾರ ಅನುಮತಿಗೂ ಕಾಯದೆ ನೇರವಾಗಿ ಶಸ್ತ್ರಚಿಕಿತ್ಸಕರಿಗೇ ಫೋನ್ ಮಾಡುವ ವ್ಯವಸ್ಥೆಯಿರಬೇಕು, ಆ ಕರೆ ಸುಳ್ಳು ಅನುಮಾನವಾಗಿದ್ದರೂ ಯಾರೂ ಗದರಬಾರದು. ಶಸ್ತ್ರಚಿಕಿತ್ಸಕರು ಬರುವಷ್ಟರಲ್ಲಿ ರೋಗಿಯ ತಲೆಯನ್ನು ನೇರವಾಗಿಟ್ಟು, ಕತ್ತನ್ನು ಒತ್ತುವ ಪಟ್ಟಿಯೇನಾದರೂ ಇದ್ದರೆ ಸಡಿಲಿಸಿ, ನಳಿಕೆಯ ಆಹಾರವನ್ನು ನಿಲ್ಲಿಸಿ, ಅರಿವಳಿಕೆ ತಜ್ಞರಿಗೂ ಥಿಯೇಟರಿಗೂ ತಿಳಿಸಿರಬೇಕು.