ವಿಎಫ್‌ಎಕ್ಸ್ ಸ್ಟುಡಿಯೊಗಳಿಗೆ ಲಿನಕ್ಸೇ ಯಾಕೆ ಬೇಕು?

ಓದುಗರ ಪ್ರಶ್ನೆ: “ನಮ್ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇದೆ. ಮಾಯಾ, ನ್ಯೂಕ್ ಎರಡೂ ಆರಾಮಾಗಿ ನಡೀತವೆ. ಆದರೆ ಬೆಂಗಳೂರಲ್ಲಿ ಇಂಟರ್‌ವ್ಯೂಗೆ ಹೋದ ಕಡೆಯೆಲ್ಲ ‘ಲಿನಕ್ಸ್ ಗೊತ್ತೇನ್ರೀ?’ ಅಂತ ಕೇಳ್ತಾರೆ. ಪುಕ್ಕಟೆ ಸಿಗುತ್ತೆ ಅಂತಾನಾ ಸರ್?”

(ಹೊಸಬರಿಗೆ: ವಿಎಫ್‌ಎಕ್ಸ್ ಅಂದರೆ ಸಿನಿಮಾದ ವಿಶುವಲ್ ಎಫೆಕ್ಟ್ಸ್ ಕೆಲಸ. ಮಾಯಾ 3ಡಿ ರೂಪಿಸುವ, ನ್ಯೂಕ್ ದೃಶ್ಯದ ಪದರಗಳನ್ನು ಜೋಡಿಸುವ ಸಾಫ್ಟ್‌ವೇರ್. ಲಿನಕ್ಸ್ ವಿಂಡೋಸ್‌ನ ಹಾಗೆ ಒಂದು ಆಪರೇಟಿಂಗ್ ಸಿಸ್ಟಮ್.) ದುಡ್ಡಿನ ವಿಷಯ ಇದೆ, ಆದರೆ ನೀವು ಅಂದುಕೊಂಡ ದುಡ್ಡಲ್ಲ. ನ್ಯೂಕ್ ಲೈಸೆನ್ಸಿನ ಪಕ್ಕದಲ್ಲಿಟ್ಟರೆ ವಿಂಡೋಸ್ ಲೈಸೆನ್ಸು ಚಿಲ್ಲರೆ ಕಾಸು. ನಿಜವಾದ ಕಾರಣ ತಿಳಿಯಬೇಕಾದರೆ ಇಪ್ಪತ್ತೈದು ಮೂವತ್ತು ವರ್ಷ ಹಿಂದಕ್ಕೆ, ಅಮೆರಿಕಕ್ಕೆ ಹೋಗಬೇಕು.

ಆಗ ಈ ಕೆಲಸವೆಲ್ಲ ನಡೆಯುತ್ತಿದ್ದದ್ದು ಸಿಲಿಕಾನ್ ಗ್ರಾಫಿಕ್ಸ್, ಅಂದರೆ ಎಸ್‌ಜಿಐ, ಯಂತ್ರಗಳಲ್ಲಿ. 1993ರ ಜುರಾಸಿಕ್ ಪಾರ್ಕ್ ಡೈನೋಸಾರ್‌ಗಳು ಮೈತಳೆದದ್ದೂ ಅವುಗಳಲ್ಲೇ. ಒಳಗೆ ಮಿಪ್ಸ್ ಪ್ರೊಸೆಸರ್, ಅದರ ಮೇಲೆ ಐರಿಕ್ಸ್ ಎಂಬ ಯುನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಮ್. ಮೇಜಿನ ಮೇಲಿಡುವ ಒಂದು ಯಂತ್ರಕ್ಕೇ ಹತ್ತಾರು ಸಾವಿರ ಡಾಲರ್. ದೃಶ್ಯ ಜೋಡಿಸುವ ಫ್ಲೇಮ್, ಇನ್ಫರ್ನೊ ಸಾಫ್ಟ್‌ವೇರ್ ನಡೆಸುವ ಆನಿಕ್ಸ್ ಎಂಬ ದೊಡ್ಡ ಎಸ್‌ಜಿಐ ಬೇಕೆಂದರೆ ಲಕ್ಷಗಳ ಮಾತು. ಅಷ್ಟರಲ್ಲಿ ಇಂಟೆಲ್ ಚಿಪ್ಪುಗಳು ಓಟಕ್ಕೆ ಬಿದ್ದವು. ಹುಡುಗರು ಗೇಮ್ ಆಡಲೆಂದು ಬೆಳೆದ ಗ್ರಾಫಿಕ್ಸ್ ಕಾರ್ಡುಗಳು ಎಸ್‌ಜಿಐ ಬುಡಕ್ಕೇ ಕೊಡಲಿ ಹಾಕಿದವು. 2006ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ವರ್ಷದ ಕೊನೆಗೆ ಐರಿಕ್ಸ್ ಯಂತ್ರಗಳ ಮಾರಾಟವೂ ನಿಂತಿತು.

ಹಾಗಾದರೆ ಅಗ್ಗದ ಪಿಸಿಗೆ ಹೋಗುವಾಗ ವಿಂಡೋಸ್‌ಗೇ ಹೋಗಬಹುದಿತ್ತಲ್ಲ? ಹೋಗಬಹುದಿತ್ತು, ಕೆಲವರು ಹೋದರು ಕೂಡ. ಮೈಕ್ರೋಸಾಫ್ಟ್ 1994ರಲ್ಲಿ ಸಾಫ್ಟ್‌ಇಮೇಜ್ ಎಂಬ 3ಡಿ ಸಾಫ್ಟ್‌ವೇರ್ ಕಂಪನಿಯನ್ನೇ ಕೊಂಡು ಅದರ ಸಾಫ್ಟ್‌ವೇರನ್ನು ವಿಂಡೋಸ್ ಎನ್‌ಟಿಗೆ ತಂದಿತ್ತು. ಆದರೆ ದೊಡ್ಡ ಸ್ಟುಡಿಯೊ ಅಂದರೆ ಕೊಂಡು ತಂದ ನಾಲ್ಕು ಸಾಫ್ಟ್‌ವೇರ್ ಮಾತ್ರ ಅಲ್ಲ. ಅವುಗಳ ನಡುವೆ ಶಾಟ್‌ಗಳನ್ನು ಇಲ್ಲಿಂದ ಅಲ್ಲಿಗೆ ಸಾಗಿಸುವ, ರೆಂಡರ್ (ಫ್ರೇಮಿನ ಕೊನೆಯ ಚಿತ್ರವನ್ನು ಕಂಪ್ಯೂಟರ್ ಮೂಡಿಸುವ ಕೆಲಸ) ಸರದಿಗೆ ಹಾಕುವ, ರಾತ್ರೋರಾತ್ರಿ ಫ್ರೇಮು ಎಣಿಸುವ ಸಾವಿರಾರು ಶೆಲ್ ಸ್ಕ್ರಿಪ್ಟುಗಳು, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದ ಪುಟ್ಟ ಪ್ರೋಗ್ರಾಮುಗಳು, ಇರುತ್ತವೆ. ಬರೆದವನು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿರುತ್ತದೆ, ಸ್ಕ್ರಿಪ್ಟು ಮಾತ್ರ ದುಡಿಯುತ್ತಲೇ ಇರುತ್ತದೆ. ವಿಂಡೋಸ್‌ಗೆ ಹೋದರೆ ಅದನ್ನೆಲ್ಲ ಮೊದಲಿಂದ ಬರೆಯಬೇಕು. ಲಿನಕ್ಸ್ ಯುನಿಕ್ಸ್ ಮಾದರಿಯದೇ; ಅದರಲ್ಲಿ ಅದೇ ಶೆಲ್, ಫೈಲ್ ಹಂಚಿಕೊಳ್ಳಲು ಅದೇ ಎನ್‌ಎಫ್‌ಎಸ್, ಪರದೆಯ ಕಿಟಕಿಗಳಿಗೆ ಅದೇ ಎಕ್ಸ್ ವಿಂಡೋ, 3ಡಿ ಚಿತ್ರಕ್ಕೆ ಅದೇ ಓಪನ್‌ಜಿಎಲ್. ಊರು ಬದಲಾದರೂ ಮಾತು ಬದಲಾಗಲಿಲ್ಲ.

ಲಿನಕ್ಸ್‌ಗೆ ಮೊದಲು ಹೋದದ್ದು ಯಾರೂ ಎದುರಿಗೆ ಕೂರದ, ರೆಂಡರ್ ಮಾಡುವ ಯಂತ್ರಗಳು. ಟೈಟಾನಿಕ್ ಚಿತ್ರಕ್ಕೆಂದು ಡಿಜಿಟಲ್ ಡೊಮೇನ್ ಸ್ಟುಡಿಯೊ ಡೆಕ್ ಕಂಪನಿಯ ಆಲ್ಫಾ ಚಿಪ್ಪಿನ 160 ಯಂತ್ರ ಹಾಕಿತ್ತು. ಅದರಲ್ಲಿ 105 ಲಿನಕ್ಸ್ ಮೇಲೆ, ಉಳಿದವು ಎನ್‌ಟಿ ಮೇಲೆ. ಕಲಾವಿದರ ಮೇಜಿಗೆ ಬರಲು ಇನ್ನಷ್ಟು ವರ್ಷ ಹಿಡಿಯಿತು. 1999ರಲ್ಲಿ ಹುಡಿನಿ ಎಂಬ ಎಫೆಕ್ಟ್ಸ್ ಸಾಫ್ಟ್‌ವೇರ್ ಲಿನಕ್ಸ್‌ಗೆ ಬಂತು, ಎನ್‌ವಿಡಿಯಾದವರು ಲಿನಕ್ಸ್‌ಗೆ ಡ್ರೈವರ್ ಕೊಟ್ಟರು, 2001ರಲ್ಲಿ ಮಾಯಾ ಬಂತು. ಆಮೇಲೆ ಯಾರೂ ತಡೆಯಲಾಗದಂತೆ ಸಾಗಿತು.

ಮಾತು ಒಂದೇ ಅಂದೆನಲ್ಲ, ಅಂಕಿ ಹೇಳುವ ರೀತಿ ಮಾತ್ರ ಬೇರೆ ಇತ್ತು. ತಲೆನೋವು ಶುರುವಾದದ್ದು ಅಲ್ಲಿ. ನಾವು ‘ಇಪ್ಪತ್ತೈದು’ ಎನ್ನುವಾಗ ಇಪ್ಪತ್ತು ಮೊದಲು, ಐದು ಆಮೇಲೆ. ಹಿಂದಿಯವರ ‘ಪಚ್ಚೀಸ್’ನಲ್ಲಿ ಐದು ಮೊದಲು. ಹಿಂದಿಯಲ್ಲಿ ಯಾರೋ ಫೋನ್ ನಂಬರ್ ಹೇಳುವಾಗ 25ರ ಜಾಗದಲ್ಲಿ 52 ಬರೆದುಕೊಂಡ ಅನುಭವ ನಮ್ಮಲ್ಲಿ ಬಹಳ ಜನಕ್ಕಿದೆ. ಎಸ್‌ಜಿಐ ಯಂತ್ರ ನಮ್ಮ ಹಾಗೆ, ದೊಡ್ಡ ಬೈಟನ್ನು ಮೊದಲು ಬರೆಯುತ್ತದೆ. ಇಂಟೆಲ್ ಚಿಕ್ಕದನ್ನು ಮೊದಲು ಬರೆಯುತ್ತದೆ. ಸಿನಿಮಾ ಫ್ರೇಮಿನ ಅಗಲ 2048 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಎಸ್‌ಜಿಐ ಚಿತ್ರದ ಫೈಲಿನ ತಲೆಭಾಗದಲ್ಲಿ ಅದು ಎರಡು ಬೈಟು: 8, ಆಮೇಲೆ 0. ಎಚ್ಚರ ತಪ್ಪಿ ಬರೆದ ಪ್ರೋಗ್ರಾಮ್ ಅದನ್ನು ಇಂಟೆಲ್ ಮೇಲೆ ಓದಿದರೆ ಅಗಲ 8 ಪಿಕ್ಸೆಲ್! ಅದಕ್ಕೂ ಮೊದಲೇ, ಅದು ಎಸ್‌ಜಿಐ ಚಿತ್ರ ಎಂದು ಗುರುತು ಹೇಳುವ 474 ಎಂಬ ಸಂಖ್ಯೆ 55809 ಆಗಿ, ‘ಇದು ಚಿತ್ರವೇ ಅಲ್ಲ’ ಎಂದು ಪ್ರೋಗ್ರಾಮ್ ಕೈಚೆಲ್ಲುತ್ತದೆ. ಸ್ಟುಡಿಯೊದವರೇ ರೂಪಿಸಿಕೊಂಡ ಪ್ರತಿಯೊಂದು ಫೈಲ್ ಮಾದರಿಯನ್ನೂ ಹೀಗೆ ಬೈಟು ಬೈಟಾಗಿ ತಿದ್ದಬೇಕಿತ್ತು. ಹೊರಗಿನವರಿಗೆ ಕಾಣದ, ಯಾರೂ ಬೆನ್ನು ತಟ್ಟದ ಕೆಲಸ.

ಇನ್ನೊಂದು ವಿಚಿತ್ರ: ಹೊಸ ಪಿಸಿ ವೇಗದಲ್ಲಿ ಮುಂದಿದ್ದರೂ ಮೆಮೊರಿಯಲ್ಲಿ ಹಿಂದಿತ್ತು. ದೊಡ್ಡ ಎಸ್‌ಜಿಐಗಳು ಆಗಲೇ 64 ಬಿಟ್. ಅಂದಿನ ಇಂಟೆಲ್ ಪಿಸಿ 32 ಬಿಟ್. ಅಂದರೆ ಒಂದು ಪ್ರೋಗ್ರಾಮಿಗೆ 4 ಜಿಬಿ ದಾಟುವಂತಿಲ್ಲ. 2003ರಲ್ಲಿ ಎಎಮ್‌ಡಿಯ 64 ಬಿಟ್ ಚಿಪ್ಪು ಆಪ್ಟೆರಾನ್ ಬಂದ ಮೇಲೆ ಆ ಗೋಡೆ ಒಡೆಯಿತು. ಫೋಟೋಶಾಪ್ ಕಥೆ ಇನ್ನೂ ಮಜಾ. ಅಡೋಬಿಯವರು ಲಿನಕ್ಸ್‌ಗೆ ಅದನ್ನು ತರಲೇ ಇಲ್ಲ. ಡಿಸ್ನಿ, ಪಿಕ್ಸಾರ್, ಡ್ರೀಮ್‌ವರ್ಕ್ಸ್ ಸೇರಿ ಕೋಡ್‌ವೀವರ್ಸ್ ಎಂಬ ಕಂಪನಿಗೆ ದುಡ್ಡು ಕೊಟ್ಟು, ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೂಲಕ ಫೋಟೋಶಾಪ್ ನಡೆಯುವ ಹಾಗೆ ಮಾಡಿಸಿಕೊಂಡರು. ಇದು 2003ರ ಮಾತು.

ಒಮ್ಮೆ ಬದಲಾದ ಮೇಲೆ ಮುಗಿಯಿತು ಅಂದುಕೊಳ್ಳಬೇಡಿ. ಅನೇಕ ಸ್ಟುಡಿಯೊಗಳು ವರ್ಷಗಟ್ಟಲೆ ಸೆಂಟ್‌ಒಎಸ್ 7 ಎಂಬ ಲಿನಕ್ಸನ್ನು ನೆಚ್ಚಿಕೊಂಡಿದ್ದವು. 2024ರ ಜೂನ್ 30ಕ್ಕೆ ಅದರ ಆಯಸ್ಸು ತೀರಿತು. ಈಗ ರಾಕಿ, ಆಲ್ಮಾ ಎಂಬ ಬೇರೆ ಲಿನಕ್ಸ್‌ಗಳ ಕಡೆಗೆ ಹೊಸ ಗುಳೆ. ಈ ಸಲದ ತೊಡಕು ಜಿಲಿಬ್‌ಸಿ ಎಂಬ ಮೂಲ ಲೈಬ್ರರಿ. ಸೆಂಟ್‌ಒಎಸ್ 7ರಲ್ಲಿ ಅದು 2.17, ಎಲ್ಲರೂ ಒಂದೇ ಹೆಜ್ಜೆ ಹಾಕಲೆಂದು ಉದ್ಯಮದವರು ಮಾಡಿಕೊಂಡ ವಿಎಫ್‌ಎಕ್ಸ್ ರೆಫರೆನ್ಸ್ ಪ್ಲಾಟ್‌ಫಾರ್ಮ್ 2023ರ ಪಟ್ಟಿಯಲ್ಲಿ 2.28. ಹೊಸದರ ಮೇಲೆ ಕಟ್ಟಿದ ಪ್ಲಗಿನ್ (ಸಾಫ್ಟ್‌ವೇರಿಗೆ ಜೋಡಿಸುವ ತುಣುಕು) ಹಳೆಯ ಯಂತ್ರದಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ. ಹಳೆಯದರ ಮೇಲೆ ಕಟ್ಟಿದ್ದು ಸಾಮಾನ್ಯವಾಗಿ ಹೊಸದರಲ್ಲಿ ನಡೆಯುತ್ತದೆ. ಆದ್ದರಿಂದಲೇ ಜಾಣರು ಸ್ಟುಡಿಯೊದಲ್ಲಿರುವ ಅತಿ ಹಳೆಯ ಯಂತ್ರವನ್ನು ನೋಡಿಕೊಂಡು ಪ್ಲಗಿನ್ ಕಟ್ಟುತ್ತಾರೆ.

ನೀವು ಮಾಡಬೇಕಾದ್ದು ಇಷ್ಟೆ. ಹಳೆಯ ಎಸ್‌ಎಸ್‌ಡಿ ಒಂದಕ್ಕೆ ರಾಕಿ ಹಾಕಿಕೊಳ್ಳಿ. ಬ್ಲೆಂಡರ್, ಹುಡಿನಿ ಅಪ್ರೆಂಟಿಸ್, ನ್ಯೂಕ್‌ನ ನಾನ್-ಕಮರ್ಷಿಯಲ್ ಮೂರೂ ದುಡ್ಡಿಲ್ಲದೆ ಸಿಗುತ್ತವೆ, ಲಿನಕ್ಸ್‌ನಲ್ಲಿ ನಡೆಯುತ್ತವೆ. ಆಫ್ಟರ್ ಎಫೆಕ್ಟ್ಸ್ ಹುಡುಕಬೇಡಿ, ಇಲ್ಲ. ಆಮೇಲೆ ಮನೆಯಲ್ಲಿ ಮಾಡಿದ ಒಂದು ನ್ಯೂಕ್ ಸ್ಕ್ರಿಪ್ಟನ್ನು ಅದರಲ್ಲಿ ತೆರೆಯಿರಿ. ಚಿತ್ರದ ಫೈಲು ಓದುವ ರೀಡ್ ನೋಡ್‌ಗಳಲ್ಲಿ ಅರ್ಧ ಕೆಂಪಗೆ ಎರರ್ ತೋರಿಸುವ ಸಾಧ್ಯತೆಯೇ ಹೆಚ್ಚು: ‘ಡಿ’ ಡ್ರೈವ್ ಎಂಬುದು ಅಲ್ಲಿಲ್ಲ. ಪಾತ್ ಸರಿಮಾಡಿದ ಮೇಲೂ ಒಂದೆರಡು ಹಟ ಹಿಡಿಯುತ್ತವೆ. ನೋಡಿದರೆ ಫೋಲ್ಡರಿನ ಹೆಸರಿನಲ್ಲಿ ‘ಶಾಟ್’ನ ಮೊದಲ ಅಕ್ಷರ ಕ್ಯಾಪಿಟಲ್, ಸ್ಕ್ರಿಪ್ಟಿನಲ್ಲಿ ಸ್ಮಾಲ್. ವಿಂಡೋಸ್ ಎರಡನ್ನೂ ಒಂದೇ ಎಂದು ನುಂಗಿಕೊಂಡಿತ್ತು, ಲಿನಕ್ಸ್ ನುಂಗುವುದಿಲ್ಲ. ಮುಂದಿನ ಇಂಟರ್‌ವ್ಯೂನಲ್ಲಿ ಆ ಪ್ರಶ್ನೆ ಬಂದಾಗ ಇದನ್ನೇ ಹೇಳಿ, ಕೇಳಿದವರು ನಗುತ್ತಾರೆ. ಅವರೂ ಒಂದು ರಾತ್ರಿ ಇದಕ್ಕೇ ನಿದ್ದೆಗೆಟ್ಟಿರುತ್ತಾರೆ.